ಸದರಿ ವಸ್ತು

ಪೆಟ್ಟಿಗೆಗಳನ್ನು ಮೂರನೆಯ ಮಹಡಿಗೆ ಹೊತ್ತವನು ಅವನು. ಬೆನ್ನು ಹಿಡಿದುಕೊಂಡದ್ದೂ ಅವನದೇ. ಕೊನೆಯ ಪೆಟ್ಟಿಗೆ ಇಳಿಸಿ ಏದುಸಿರು ಬಿಡುತ್ತಿದ್ದಾಗ ಅಂದಿನ ಮೇಲಧಿಕಾರಿ ಹೇಳಿದ್ದರು: "ಇದರಲ್ಲಿ ಏನಿದೆ ಅಂತ ನಿನಗೆ ಗೊತ್ತಿಲ್ಲ. ತಿಳೀತಾ?"

ಅಂಗಡಿಯ ಬಣ್ಣದ ಡಬ್ಬಿಗಳನ್ನು ಸುಟ್ಟು, ಒಳಗಿದ್ದ ಕಂಪ್ಯೂಟರುಗಳನ್ನು ಹೆಸರಿಲ್ಲದ ಮರದ ಪೆಟ್ಟಿಗೆಗಳಿಗೆ ಒಂದೊಂದರಂತೆ ಕೈಯಾರೆ ತುಂಬಿದವನಿಗೆ ಗೊತ್ತಿಲ್ಲವಂತೆ! ಅವು ದೊಡ್ಡ ಯಂತ್ರಗಳೂ ಅಲ್ಲ. ಮನೆಯ ಟಿ.ವಿ.ಗೆ ತಂತಿ ಸಿಕ್ಕಿಸಿ, ಮಕ್ಕಳು ಲೆಕ್ಕ ಮಾಡುತ್ತಾ ಆಟ ಆಡುತ್ತಾ ಕೂರುವಂಥ ಕೀಲಿಮಣೆಗಳು. ಸರ್ಕಾರ ಇಂಥವನ್ನು ಒಂದು ಡಜನ್ ಕೊಂಡಿತು. ಕೊಂಡದ್ದು ನೆರೆಯ ದೇಶಕ್ಕೆ ತಿಳಿದರೆ ಅವರೂ ಒಂದು ಡಜನ್ ಕೊಂಡಾರೆಂದು ಯಾರೋ ಹೆದರಿಸಿದರು. ಖರೀದಿ ಪರಮಗುಟ್ಟಾಯಿತು, ಯಂತ್ರಗಳು ಕತ್ತಲ ಕೋಣೆ ಸೇರಿದವು.

ಅದೇ ತಿಂಗಳು ಅವನ ಮಗಳು ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡು ಹಾಸಿಗೆ ಹಿಡಿದಳು. ಇಲ್ಲಿ ಕೂಸು ಗೋಡೆ ನೋಡುತ್ತಾ ಮಲಗಿದೆ, ಅಲ್ಲಿ ಯಂತ್ರ ಗೋಡೆ ನೋಡುತ್ತಾ ಕೂತಿದೆ. ಆಗ ಕೋಣೆಯ ಬೀಗದ ಕೈ ಆಫೀಸಿನಲ್ಲಿ ಕಂಡಕಂಡವರ ಕೈಯಲ್ಲಿ ಓಡಾಡುತ್ತಿತ್ತು. ಅವನು ಒಂದು ಯಂತ್ರವನ್ನು ಬಟ್ಟೆ ಚೀಲದಲ್ಲಿ ಮನೆಗೆ ತಂದ. ಆಫೀಸಿನ ಹಿತ್ತಲಲ್ಲಿ ಆಗ ಕಾಂಪೌಂಡ್ ಗೋಡೆ ಕಟ್ಟುತ್ತಿದ್ದರು. ಆ ರಾಶಿಯಿಂದ ಎರಡು ಇಟ್ಟಿಗೆ ಎತ್ತಿ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟ. ತೂಕ ಸರಿಹೋಯಿತು. ಇಟ್ಟಿಗೆ ಕಮ್ಮಿ ಬಿತ್ತೆಂದು ಗುತ್ತಿಗೆದಾರ ವಾರಗಟ್ಟಲೆ ಕೂಗಾಡಿದ. ಮೇಲಿನ ಸಾಲು ಮುಗಿಯದೆ, ಕಾರು ನಿಲ್ಲಿಸುವಷ್ಟು ಉದ್ದಕ್ಕೆ ಗೋಡೆ ಇಂದಿಗೂ ತಗ್ಗಾಗಿಯೇ ಇದೆ. ಎರಡು ಇಟ್ಟಿಗೆಗೆ ಎಷ್ಟು ರಂಪವಪ್ಪಾ ಎಂದು ಅವನಿಗೆ ಆಗ ನಗು ಬಂದಿತ್ತು.

ಮಗಳ ಕಾಲು ಕೂಡಿಕೊಂಡಿತು. ಯಂತ್ರ ಮಾತ್ರ ವಾಪಸಾಗಲಿಲ್ಲ. ಇಂದು, ನಾಳೆ ಎನ್ನುವಷ್ಟರಲ್ಲಿ ಅವನ ತಲೆ ನರೆತಿತ್ತು, ಮಗಳು ಶಾಲೆಯಲ್ಲಿ ಗಣಿತದ ಟೀಚರಾಗಿದ್ದಳು, ಅವನು ಅದೇ ಇಲಾಖೆಯ ಗೋಪ್ಯ ವಿಭಾಗದ ಮುಖ್ಯಸ್ಥನಾಗಿದ್ದ.

ಅಷ್ಟರಲ್ಲಿ ಸರ್ಕಾರಕ್ಕೆ ಬುದ್ಧಿ ಬಂತು. ಹಳೆಯ ಗುಟ್ಟುಗಳನ್ನೆಲ್ಲ ಜನರ ಮುಂದೆ ಬಿಚ್ಚಿಡುವುದಂತೆ. ನಿವೃತ್ತ ನ್ಯಾಯಾಧೀಶೆಯೊಬ್ಬರು ಬಂದು ಪೆಟ್ಟಿಗೆಗಳನ್ನು ತೆರೆಸುತ್ತಾರೆಂದು ಆದೇಶ ಬಂತು.

ಜೈಲಿಗಿಂತ ಹೆಚ್ಚಾಗಿ ಅವನಿಗೆ ಮಗಳ ಹೆದರಿಕೆ. ಅಪ್ಪ ಹೊಟ್ಟೆಬಟ್ಟೆ ಕಟ್ಟಿ ಕಂಪ್ಯೂಟರ್ ಕೊಡಿಸಿದರೆಂದು ಅವಳು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಹಾಗೆ ಹೇಳುವಾಗ ಅವಳ ಮುಖ ನೋಡಬೇಕು! ಆ ಮುಖದಲ್ಲಿ ತಾನು ಕಳ್ಳನಾಗುವುದನ್ನು ನೆನೆಯಲೂ ಅವನಿಂದ ಆಗುತ್ತಿರಲಿಲ್ಲ.

ಆದರೆ ದಿಗಿಲು ಬಿದ್ದು ಕೂರುವ ಆಳಲ್ಲ ಅವನು. ಕದ್ದದ್ದನ್ನು ಕದ್ದೇ ವಾಪಸ್ ಇಟ್ಟರಾಯಿತು. ಇರಬೇಕಾದ ವಸ್ತು ಇರಬೇಕಾದ ಜಾಗದಲ್ಲಿದ್ದರೆ ಯಾವ ನ್ಯಾಯಾಧೀಶೆ ತಾನೇ ಏನು ಹಿಡಿದಾಳು? ಕಡತದ ಬಗ್ಗೆಯಂತೂ ಅವನಿಗೆ ಚಿಂತೆಯೇ ಇರಲಿಲ್ಲ. ಅದಕ್ಕೆ ಮಸಿ ಬಳಿದವನು ಅವನೇ. ಕಂಪ್ಯೂಟರ್ ಎಂಬ ಪದ ಎಲ್ಲಿದ್ದರೂ ಬಿಡದೆ, ಮೂಲ ಪ್ರತಿಯಲ್ಲೇ, ಬೆಳಕಿಗೆ ಹಿಡಿದರೂ ಕಾಣದಂತೆ ಬಳಿದಿದ್ದ. ಈಗ ಅದರಲ್ಲಿ ಉಳಿದಿದ್ದದ್ದು 'ಸದರಿ ವಸ್ತುಗಳನ್ನು ಸದರಿ ಕೊಠಡಿಯಲ್ಲಿ ಇರಿಸತಕ್ಕದ್ದು' ಎಂಬ ಸಾಲು. ಅಂಥ ಅಚ್ಚುಕಟ್ಟಾದ ಕೆಲಸ ಇಡೀ ಇಲಾಖೆಯಲ್ಲಿ ಇನ್ನೊಬ್ಬನಿಂದ ಆಗುತ್ತಿರಲಿಲ್ಲ.

ಕಪಾಟಿನ ಮೇಲಿಂದ ಯಂತ್ರ ಇಳಿಸಿ, ಮಗಳು ಅಂಟಿಸಿದ್ದ ಹೂವಿನ ಚಿತ್ರವನ್ನು ಬಿಸಿನೀರಿನಲ್ಲಿ ಕೆರೆದು ತೆಗೆದ. ಹೆಂಡತಿಗೆ, ಗುಜರಿಗೆ ಹಾಕುತ್ತಿದ್ದೇನೆ ಎಂದ. ವಿಷಯ ತಿಳಿದು ಮಗಳು ಫೋನಿನಲ್ಲೇ ಅತ್ತಳು.

"ಅಪ್ಪ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಅಷ್ಟು ಕಷ್ಟಪಟ್ಟು ತಂದಿದ್ದು ನೀವು."

ಆದರೂ ಅವನು ಯೋಜನೆ ಸಡಿಲಿಸಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕೋಣೆ ಹೊಕ್ಕ. ಈಗ ಬೀಗದ ಕೈಯೂ ಅವನದೇ, ಅರಗಿನ ಮುದ್ರೆಯೂ ಅವನದೇ. ತನ್ನ ಪೆಟ್ಟಿಗೆ ತೆರೆದು ಇಟ್ಟಿಗೆ ತೆಗೆದ, ಯಂತ್ರ ಇಟ್ಟ, ಮುದ್ರೆ ಒತ್ತಿದ, ಪಕ್ಕದ ಕಪಾಟಿನ ಧೂಳನ್ನು ಉಜ್ಜಿ ಅದರ ಮೇಲೆ ಬಳಿದ. ಉಳಿದ ಪೆಟ್ಟಿಗೆಗಳತ್ತ ತಿರುಗಿಯೂ ನೋಡಲಿಲ್ಲ. ಆಫೀಸಿನಲ್ಲಿ ಅಷ್ಟು ಧೈರ್ಯ, ಅಷ್ಟು ತಲೆ ಇದ್ದವನು ತಾನೊಬ್ಬನೇ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

ಗೇಟಿನಲ್ಲಿ ಕಾವಲುಗಾರ ಚೀಲ ಮುಟ್ಟಿ ನೋಡಿದ. "ಏನ್ ಸಾರ್ ಇಷ್ಟು ಭಾರ?"

"ಇಟ್ಟಿಗೆ," ಎಂದು ಅವನು ಚೀಲ ಬಿಚ್ಚಿಯೇ ತೋರಿಸಿದ.

ಕಾವಲುಗಾರ ನಕ್ಕ. "ಅಯ್ಯೋ, ಇದನ್ನೂ ಹೊತ್ಕೊಂಡು ಹೋಗ್ತೀರಾ ಸಾರ್? ಹೋಗಿ ಹೋಗಿ."

ಎಷ್ಟೋ ವರ್ಷಗಳ ನಂತರ ನಿಜ ಹೇಳಿ ಅವನಿಗೆ ಹಗುರವಾಯಿತು. ಇಟ್ಟಿಗೆಗಳು ಹೆಂಡತಿಯ ಹೂಕುಂಡದ ಅಡಿಗೆ ಹೋದವು.

ತೆರೆಯುವ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ನಿಂತ. ಮೊದಲ ಪೆಟ್ಟಿಗೆ ತೆರೆದರು. ಎರಡು ಇಟ್ಟಿಗೆ. ಎರಡನೆಯದು ತೆರೆದರು. ಎರಡು ಇಟ್ಟಿಗೆ. ಮೂರು, ನಾಲ್ಕು ಎಂದು ಹನ್ನೊಂದರಲ್ಲೂ ಇಟ್ಟಿಗೆಯೇ ಸಿಗುತ್ತಾ ಹೋದಂತೆ ಅವನು ಮುಂದಿನ ಸಾಲಿನಿಂದ ಹಿಂದೆ ಸರಿಯುತ್ತಾ ಹೋದ. ನ್ಯಾಯಾಧೀಶೆ ಕಡತ ತಿರುವಿ, ತಲೆದೂಗಿ, ಬರೆಸಿದರು: "ಸದರಿ ವಸ್ತು ಅಂದರೆ ಇಟ್ಟಿಗೆ." ಆಮೇಲೆ ಅವನ ಪೆಟ್ಟಿಗೆ ತೆರೆಯಿತು.

"ಇದೇನಿದು, ಮಕ್ಕಳ ಆಟದ ಸಾಮಾನು?" ಎಂದು ನ್ಯಾಯಾಧೀಶೆ ಹುಬ್ಬು ಗಂಟಿಕ್ಕಿದರು. "ಸರ್ಕಾರದ ಗುಟ್ಟಿನ ಇಟ್ಟಿಗೆ ಎರಡು ಕಾಣ್ತಿಲ್ಲ. ಯಾರು ತಗೊಂಡಿದ್ದು?" ಕೊಂಡದ್ದು ಕಂಪ್ಯೂಟರ್ ಎಂದು ಕೂಗಿ ಹೇಳೋಣವೆಂದರೆ, ಆ ಪದವನ್ನು ಭೂಮಿಯ ಮೇಲೆ ಎಲ್ಲೂ ಉಳಿಯದಂತೆ ಅಳಿಸಿದವನು ಅವನೇ, ಹೇಳಿದರೆ ಅಂದಿನ ಕಳ್ಳ, ಹೇಳದಿದ್ದರೆ ಇಂದಿನ ಕಳ್ಳ, ಮಗಳ ಮುಂದೆ ಎರಡೂ ಒಂದೇ. ಅಷ್ಟರಲ್ಲಿ ಬಾಗಿಲ ಬಳಿಯಿದ್ದ ಕಾವಲುಗಾರ, ಸಾಹೇಬರಿಗೆ ಉಪಕಾರ ಮಾಡುವ ಉಮೇದಿನಲ್ಲಿ, "ಅವು ಎಲ್ಲೂ ಕಳೆದಿಲ್ಲಮ್ಮ, ನಮ್ಮ ಸಾರೇ ಮನೆಗೆ ತಗೊಂಡು ಹೋದ್ರು, ನಾನೇ ನೋಡಿದೀನಿ" ಎಂದ. ಎಲ್ಲರ ಕಣ್ಣೂ ಅವನತ್ತ ತಿರುಗಿದವು. ಅವನು ಕಿಟಕಿಯಾಚೆ ನೋಡಿದ. ಹಿತ್ತಲ ಗೋಡೆ ಕಾರು ನಿಲ್ಲಿಸುವಷ್ಟು ಉದ್ದಕ್ಕೆ ತಗ್ಗಾಗಿ ನಿಂತಿತ್ತು. ದಿನಾ ಅದನ್ನು ನೋಡಿ ನಕ್ಕಿದ್ದನೇ ಹೊರತು, ಎರಡೇ ಇಟ್ಟಿಗೆ ಕಮ್ಮಿಯಾದರೆ ಯಾವ ಗೋಡೆಯೂ ಅಷ್ಟು ಉದ್ದ ತಗ್ಗಾಗುವುದಿಲ್ಲ ಎಂಬುದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.