ವಿಭೂತಿ ಹಚ್ಚಿದ ಫೋನು

"ಫೋನಿಗೂ ವಿಭೂತಿ ಹಚ್ಚತಾರೇನ್ರಿ?"

ಸಿಂಧನೂರಿನ ಮೊಬೈಲ್ ರಿಪೇರಿ ಅಂಗಡಿಯ ಶಿವಕಾಂತ ನಗುತ್ತ ಕೇಳಿದ. ಭುವನೇಶ್ವರಿ ನಗಲಿಲ್ಲ. ಸಂತೆಕಲ್ಲೂರಿನಿಂದ ಬರುವಾಗ ಬಸ್ಸಿನ ಕಿಟಕಿಯಾಚೆ ಏನು ಸರಿದುಹೋಯಿತೆಂಬುದೂ ಅವಳಿಗೆ ತಿಳಿದಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ಹಾಗೆಯೇ. ಕಣ್ಣಿಗೆ ನೀರಿಲ್ಲ, ನಾಲಿಗೆಗೆ ರುಚಿಯಿಲ್ಲ.

"ಅವ್ವ ಅದರಾಗ ಅದಾಳ್ರಿ," ಎಂದಳು.

ಅವ್ವ ಕಸ್ತೂರೆಮ್ಮ ಪೂಜೆಯಲ್ಲಿ ವಚನ ಹೇಳುತ್ತಿದ್ದ ದನಿ ಆ ಫೋನಿನಲ್ಲಿತ್ತು. ಮಗಳು ಅದನ್ನು ದೇವರ ಜಗುಲಿಯ ಮೇಲಿಟ್ಟು, ದಿನವೂ ಒದ್ದೆ ವಿಭೂತಿ ಎಳೆಯುತ್ತಿದ್ದಳು. ನೀರಿಳಿದು ಫೋನು ಸತ್ತಿತು.

"ಮೆಮೊರಿ ಚಿಪ್ ಕಿತ್ತು ಬ್ಯಾರೆ ಫೋನಿಗೆ ಹಾಕ್ರಿ," ಎಂದಳು.

"ಅದೊಂದ ಹಾಕಿದ್ರ ಆಗೂದಿಲ್ರಿ." ಅವನು ಭೂತಗನ್ನಡಿಯ ಕೆಳಗೆ ಉಗುರಿನಷ್ಟು ಕರಿಯ ಚೌಕ ತೋರಿಸಿದ. "ಇದು ಪ್ರೊಸೆಸರ್. ಕಣ್ಣಿಗೆ ಕಾಣದಂಥ ಸ್ವಿಚ್ಚು ಕೋಟಿಗಟ್ಟಲೆ ಅದಾವು. ಆನ್, ಇಲ್ಲಾ ಆಫ್, ಅಷ್ಟ. ನಿಮ್ಮವ್ವನ ದನೀನ ಹಂಗ ಆನ್-ಆಫ್ ಮಾಡಿ ಬರಕೊಂಡು, ಮೆಮೊರಿಯಾಗ ಇಟ್ಟು ಕೀಲಿ ಹಾಕೈತಿ. ಕೀಲಿಕೈ ಮಾತ್ರ ಇದರ ಹೊಟ್ಯಾಗೈತಿ. ಬ್ಯಾರೆ ಪ್ರೊಸೆಸರಿಗೆ ಆ ದನಿ ತಿಳಿಯೂದಿಲ್ಲ."

"ಮತ್ತ?"

"ಇಂಥದ ಹಳೇ ಫೋನು ಹುಡುಕಿ, ಈ ಪ್ರೊಸೆಸರ್, ಮೆಮೊರಿ ಎರಡನ್ನೂ ಕೂಡೇ ಅದರ ಬೋರ್ಡಿಗೆ ಕೂಡಿಸಬೇಕು. ಕಾವು ಹೆಚ್ಚಾಗಿ ಪ್ರೊಸೆಸರ್ ಸುಟ್ರ... ದನಿ ಎಂದೂ ಸಿಗೂದಿಲ್ಲ."

"ಹುಡುಕ್ರಿ."

ಅವನು ಲಿಂಗಸುಗೂರು, ಮಸ್ಕಿಯ ಅಂಗಡಿಗಳನ್ನೆಲ್ಲ ಸುತ್ತಿದ. ಅವಳು ಸಂತೆಗೆ ಬಂದಾಗಲೆಲ್ಲ ಒಳಬಂದು, ಸುಮ್ಮನೆ ಕೂತು ಹೋಗುತ್ತಿದ್ದಳು. ಅವಳು ಕೂತೊಡನೆ ಅವನು ಫ್ಯಾನನ್ನು ಅವಳತ್ತ ತಿರುಗಿಸುತ್ತಿದ್ದ. ತಾನು ಬೆವರುತ್ತಿದ್ದ. ಅವಳಿಗೆ ಕಾಣುತ್ತಿತ್ತು, ಏನೂ ಅನಿಸುತ್ತಿರಲಿಲ್ಲ.

ಕೊನೆಗೆ ಅಂಥದೇ ಫೋನು ಸಿಕ್ಕಿತು.

ಬಿಸಿಗಾಳಿಯ ಗನ್ ಬುಸುಗುಟ್ಟಿತು. ಅವನು ಚಿಮಟ ಹಿಡಿದು ಬಾಗಿದ. ಕರಿಯ ಚೌಕ ಮೆಲ್ಲನೆ ಎದ್ದು, ಹೊಸ ಜಾಗದಲ್ಲಿ ಕೂತಿತು. ಅದರ ಪಕ್ಕದಲ್ಲೇ ಮೆಮೊರಿ.

ಪರದೆ ಬೆಳಗಿತು. ಬೀಗ ತೆಗೆಯಲು ಚುಕ್ಕೆ ಕೂಡಿಸುವ ಪ್ಯಾಟರ್ನ್ ಕೇಳಿತು.

"ಗೊತ್ತೈತೇನ್ರಿ?"

ಹಣೆಗೆ ವಿಭೂತಿ ಎಳೆದಂತೆ ಅವಳ ಬೆರಳು ಆ ತುದಿಯಿಂದ ಈ ತುದಿಗೆ ಹೋಯಿತು, ತಿರುಗಿ ಬಂತು, ಮತ್ತೆ ಹೋಯಿತು. ಒಂದರ ಕೆಳಗೊಂದು ಮೂರು ಗೆರೆ. ತೆರೆಯಿತು.

ಅವ್ವನ ದನಿ ವಚನ ಹೇಳತೊಡಗಿತು. ನಡುವೆ ನಿಂತು, "ಭುವನಾ, ಹಾಲು ಉಕ್ಕಾಕತ್ತೈತಿ, ನೋಡವ್ವಾ!" ಎಂದು ಕೂಗಿತು. ಮತ್ತೆ ಬಿಟ್ಟಲ್ಲಿಂದಲೇ ಹಿಡಿಯಿತು.

ಭುವನೇಶ್ವರಿ ಕೇಳುತ್ತ ಕೂತಳು. ಅಳು ಬರಲಿಲ್ಲ. ವಚನ ಮುಗಿದ ಮೇಲೆ, "ಹಸಿವಾಗೈತ್ರಿ," ಎಂದಳು, ತನಗೇ ಆಶ್ಚರ್ಯವಾದಂತೆ.

ಶಿವಕಾಂತ ತನ್ನ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಪುಂಡಿಪಲ್ಯೆ ಬಡಿಸಿದ. ಅವಳು ಒಂದು ತುತ್ತು ತಿಂದಳು.

"ಉಪ್ಪು ಕಡಿಮ್ಯಾಗೈತಿ."

"ಒಬ್ಬನ ಅಡಿಗಿ ಮಾಡ್ಕೋತೀನ್ರಿ, ಹೇಳಾವ್ರ ಯಾರಿಲ್ಲ." ಅವನು ಫೋನಿನತ್ತಲೇ ನೋಡುತ್ತ ಹೇಳಿದ, "ದಿನಾ ಹೇಳಾಕ ನೀವು ಬರ್ತೀರೇನ್ರಿ?"

ಅವಳು ಎದ್ದು, ಫ್ಯಾನನ್ನು ಅವನತ್ತ ಅರ್ಧ ತಿರುಗಿಸಿ ಬಂದು ಕೂತಳು.

"ಇನ್ನೊಂದು ರೊಟ್ಟಿ ಹಾಕ್ರಿ," ಎಂದಳು.