‘ತಾನಾಗಿಯೇ’ ಎಂಬ ಒಂದು ತಪ್ಪು

ಬಾಗಿಲು ತೆರೆದವಳ ಕೈ ಚಿಲಕದ ಮೇಲೇ ನಿಂತುಹೋಯಿತು.

ಉಪಕರಣದ ಚೀಲ ಹೆಗಲಿಗೇರಿಸಿ ಹೊರಗೆ ನಿಂತಿದ್ದವನು ಅವಳ ಗಂಡ! ಎಂಟು ತಿಂಗಳ ಹಿಂದೆ ಈ ಮನೆಯಿಂದ ಹೋದವನು.

"ಪ್ರಿಂಟರ್ ಕೆಟ್ಟಿದೆ ಅಂತ ಅಂಗಡಿಗೆ ಫೋನ್ ಬಂದಿತ್ತು... ಮೇಡಂ."

ಮೇಡಂ! ಪುಸ್ತಕಗಳ ಕರಡು ತಿದ್ದುವವಳೆಂದು ಅವಳನ್ನು 'ಕರಡಿ, ಕರಡಿ' ಎಂದು ಕಾಡುತ್ತಿದ್ದ ಬಾಯಿ ಅದು.

ಅವನು ಕೆಲಸ ಮಾಡುವ ಅಂಗಡಿ ಬೇಡವೆಂದೇ ಅವಳು ಬೇರೊಂದಕ್ಕೆ ಫೋನ್ ಮಾಡಿದ್ದಳು. ಅವನು ಅಂಗಡಿ ಬದಲಿಸಿದ್ದು ಅವಳಿಗೇನು ಗೊತ್ತು? ನಾಳೆ ಬೆಳಿಗ್ಗೆ ವಕೀಲರ ಕೈಗೆ ವಿಚ್ಛೇದನದ ಅರ್ಜಿ ಕೊಡಬೇಕು. ಅದನ್ನು ಮುದ್ರಿಸಿಕೊಡಲು ಇವನೇ ಬರಬೇಕೇ? ಹಣೆಬರಹ!

"ಬನ್ನಿ," ಎಂದಳು ಒಣ ದನಿಯಲ್ಲಿ.

ಅವನು ವೈರ್ ನೋಡಿದ. ಕಾಗದದ ಟ್ರೇ ಎಳೆದು ನೋಡಿದ.

"ಎಷ್ಟು ದಿನದಿಂದ ಬಳಸಿಲ್ಲ?"

"ಆವತ್ತಿನಿಂದ."

ಅವನು ಪ್ರಿಂಟರಿನ ಮುಚ್ಚಳ ತೆರೆದ. "ಇಂಕ್ ಒಣಗಿದೆ. ಕ್ಲೀನ್ ಮಾಡ್ತೀನಿ."

ಮೊದಲ ಪರೀಕ್ಷೆಯ ಹಾಳೆ ಗೆರೆಗೆರೆಯಾಗಿ ಬಂತು. ಎರಡನೆಯದು ಸರಿಯಾಯಿತು. ಆದರೂ ಅವಳ ಫೈಲ್ ಮಾತ್ರ ಬರಲೊಲ್ಲದು. ಅವನು ಕಂಪ್ಯೂಟರ್ ಪರದೆಗೆ ಬಗ್ಗಿದ.

"ಒಂದೇ ಫೈಲ್ ಒಂಬತ್ತು ಸಲ ಕಳಿಸಿದ್ದೀಯ. ಎಲ್ಲಾ ಸಾಲಲ್ಲಿ ನಿಂತಿವೆ. ಯಾರೋ ಪ್ರಿಂಟ್ ತಡೆಹಿಡಿಯೋ 'ಪಾಝ್' ಒತ್ತಿದ್ದಾರೆ."

ಅವಳಿಗೆ ನೆನಪಾಯಿತು. ಮೊದಲ ದಿನ ಪ್ರಿಂಟ್ ಒತ್ತಿದ ಕೂಡಲೇ ಬೇಡವೆನಿಸಿತ್ತು. ಹೇಗಾದರೂ ನಿಲ್ಲಲಿ ಎಂದು ಏನೇನೋ ಒತ್ತಿದ್ದಳು...

"ನಾನೇ," ಎಂದಳು.

ಅವನು ಎಂಟನ್ನು ಅಳಿಸಿ ಒಂದನ್ನು ಬಿಟ್ಟ. ಹಾಳೆ ಹೊರಬಂತು. ಓದಬಾರದೆಂದರೂ ಅವನ ಕಣ್ಣು ಓದಿತು: 'ಪತಿಯು ತಾನಾಗಿಯೇ ಮನೆ ಬಿಟ್ಟು ಹೋಗಿರುತ್ತಾನೆ.'

"ಇದರಲ್ಲಿ ಒಂದು ತಪ್ಪಿದೆ," ಎಂದ ಮೆಲ್ಲಗೆ. "'ತಾನಾಗಿಯೇ' ಅನ್ನೋದು. ನೀನು ಹೋಗಿ ಅಂದೆ. ಅದಕ್ಕೆ ಹೋದೆ."

ಊರ ಪುಸ್ತಕಗಳನ್ನೆಲ್ಲ ತಿದ್ದುವವಳ ಅರ್ಜಿಯಲ್ಲಿ ತಪ್ಪು!

ಏಳನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಆಸ್ಪತ್ರೆಯಿಂದ ಬಂದ ದಿನ ಇವನು ಒಂದು ಹನಿ ಕಣ್ಣೀರು ಹಾಕದೆ, ಕೆಟ್ಟ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. 'ನೀವು ಮನುಷ್ಯರೇನಾ? ಹೋಗಿ ಇಲ್ಲಿಂದ!' ಎಂದು ಕಿರುಚಿದ್ದಳು.

"ಹೋಗಿ ಅಂದ್ರೆ ಹೋಗೇಬಿಡೋದಾ?!" ಅವಳ ದನಿ ಒಡೆಯಿತು. "ಸಂಜೆಗೆ ಬರ್ತೀರಿ ಅಂತ ಕಾದೆ. ಮಾರನೇ ದಿನಾನೂ ಕಾದೆ..."

ಹೇಳಿದಷ್ಟೇ ಮಾಡುವ ಯಂತ್ರಗಳ ಜೊತೆ ಬಾಳಿದವನಿಗೆ ಇದು ಹೊಳೆದಿರಲೇ ಇಲ್ಲ, ಪಾಪ.

"ನನ್ನ ಮುಖ ನೋಡೋಕೂ ನಿನಗೆ ಇಷ್ಟ ಇಲ್ಲ ಅನ್ಕೊಂಡೆ. ಆವತ್ತು ಏನಾದ್ರೂ ಒಂದನ್ನ ಸರಿಮಾಡ್ಬೇಕು ಅನ್ನಿಸ್ತಿತ್ತು. ಮಗೂನ ಉಳಿಸೋಕಾಗ್ಲಿಲ್ಲ... ಮಿಕ್ಸಿನಾದ್ರೂ..."

ಅವನು ಬಿಕ್ಕಿ ಬಿಕ್ಕಿ ಅತ್ತ. ಅವನು ಅಳುವುದನ್ನು ಅವಳು ನೋಡಿದ್ದು ಅದೇ ಮೊದಲು. ಕಲ್ಲು ಎಂದುಕೊಂಡಿದ್ದೆನಲ್ಲ, ದೇವರೇ! ಅವನ ತಲೆಯನ್ನು ಎದೆಗೊತ್ತಿಕೊಂಡು ಅವಳೂ ಅತ್ತಳು.

ಬಹಳ ಹೊತ್ತಾದ ಮೇಲೆ ಅವಳು ಕೆಂಪು ಪೆನ್ನು ತೆಗೆದು 'ತಾನಾಗಿಯೇ' ಎಂಬುದನ್ನು ಹೊಡೆದುಹಾಕಿದಳು.

"ತಿದ್ದಿ ಮತ್ತೆ ಪ್ರಿಂಟ್ ತೆಗೀಲಾ?" ಎಂದ, ಅಂಜುತ್ತಾ.

"ಬೇಡ. ವಕೀಲರಿಗೆ ಬರಲ್ಲ ಅಂತ ಹೇಳ್ತೀನಿ." ಅವಳು ಹಾಳೆಯ ಖಾಲಿ ಹಿಂಬದಿ ಮೇಲೆ ಬರುವಂತೆ ಮಗುಚಿ ಪೆನ್ನನ್ನು ಅವನ ಕೈಗಿಟ್ಟಳು. "ಮಗಳಿಗೆ ನಾವು ಹೆಸರೇ ಇಡಲಿಲ್ಲ, ರೀ."

ಅವನು ತಲೆ ತಗ್ಗಿಸಿದ. "ನಾನೊಂದು ಯೋಚಿಸಿಟ್ಟಿದ್ದೆ..."

"ನಾನೂ."

"ನಿಂದು ಮೊದಲು ಹೇಳು."

ಅವಳು ಅವನ ಕಿವಿಯ ಹತ್ತಿರ ಹೇಳಿದಳು. ಅವನು ನಿಧಾನವಾಗಿ, ಒಂದೊಂದೇ ಅಕ್ಷರ ಬರೆದ.

"ಕಾಗುಣಿತ ಸರಿ ಇದೆಯಾ?" ಎಂದು ಕೇಳಿದ.

"ಸರಿ ಇದೆ," ಎಂದಳು.