ಕೂಸಿನ ಕೋಣೆಯ ಜಾಲರಿ

"ಆ ಸಣ್ಣ ರೂಮಿಂದು ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಕ್ಲೀನ್ ಮಾಡ್ತೀನಿ ಮೇಡಮ್. ಅದನ್ನ ಮಾತ್ರ ಮುಟ್ಟಲ್ಲ."

ಜಹೀರ್ ಬಾಗಿಲಲ್ಲೇ ನಿಂತಿದ್ದ. ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡಿದ್ದನಾದರೂ ಒಳಗೆ ಕಾಲಿಟ್ಟಿರಲಿಲ್ಲ.

ಸ್ಮಿತಾಳಿಗೆ ನಗು ಬಂತು. "ಯಾಕ್ರಿ, ಅದರಾಗ ಹಾವು ಐತೇನು?"

"ಹಾವಾಗಿದ್ರೆ ತೆಗೀತಿದ್ದೆ."

ಸ್ಮಿತಾ ಹುಬ್ಬಳ್ಳಿಯಿಂದ ಅಮೆರಿಕಕ್ಕೆ ಬಂದು ಒಂದು ವಾರವಾಗಿತ್ತು. ಅಣ್ಣ ಶಶಿಕಾಂತನ ಮೊದಲ ಕೂಸನ್ನು ತೊಟ್ಟಿಲಿಗೆ ಹಾಕಲು ಸೋದರತ್ತೆ ಬೇಕಲ್ಲ. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅವಳೇ. ಆ ಹೆಸರನ್ನು ಅವಳು ಆರಿಸಿ ಇಟ್ಟುಕೊಂಡಿದ್ದಳು, ಅಣ್ಣನಿಗೂ ಹೇಳಿರಲಿಲ್ಲ. ಊರಲ್ಲಿ ಅವಳು ವಿಜ್ಞಾನದ ಟೀಚರ್. ಚಾಕುವಿಗೆ ದಾಸವಾಳದ ಎಸಳು ಉಜ್ಜಿ, ಅದರಿಂದ ನಿಂಬೆಹಣ್ಣು ಕೊಯ್ದು 'ರಕ್ತ' ಬರಿಸಿ, ಮಾಟ ಅಂದರೆ ಇಷ್ಟೇ ಎಂದು ಮಕ್ಕಳನ್ನು ನಗಿಸುವುದು ಅವಳ ಪ್ರತಿವರ್ಷದ ಆಟ.

ಮುಕಿಲ್ಟಿಯೊದ ಇಳಿಜಾರಿನಲ್ಲಿದ್ದ ಆ ಮನೆ ಅವಳ ಅಪ್ಪನಿಗಿಂತ ಹಳೆಯದು. ಪ್ರತಿ ಕೋಣೆಯ ನೆಲದಲ್ಲೂ ಒಂದೊಂದು ಕಬ್ಬಿಣದ ಜಾಲರಿ. ನೆಲಮಾಳಿಗೆಯ ಹೀಟರಿನಿಂದ ತಗಡಿನ ಕೊಳವೆಗಳು ಮರದ ನೆಲದ ಕೆಳಗೆ ಹರಿದಾಡಿ ಆ ಜಾಲರಿಗಳಿಗೆ ಬಿಸಿಗಾಳಿ ತರುತ್ತಿದ್ದವು. ಗಾಳಿಯ ಜೊತೆಗೆ ಸದ್ದೂ ಬರುತ್ತಿತ್ತು. ಅಡುಗೆಮನೆಯಲ್ಲಿ ಅಣ್ಣನ ಹೆಂಡತಿ, ಮಧುರಾ ವೈನಿ, ಒಗ್ಗರಣೆ ಹಾಕಿದರೆ ಮಲಗುವ ಕೋಣೆಯ ಜಾಲರಿ ಚಟಪಟ ಅನ್ನುತ್ತಿತ್ತು. ಕೂಸಿನ ಕೋಣೆಯ ಜಾಲರಿ ಮಾತ್ರ ಮೂಕ. ಅದರ ಮೇಲೆ ಯಾರೋ ತಗಡಿನ ಹಾಳೆ ಇಟ್ಟು ಸ್ಕ್ರೂ ಬಿಗಿದಿದ್ದರು. ಮನೆ ಕೊಂಡಾಗ ಶಶಿಕಾಂತ ಅದನ್ನು ಕೆಟ್ಟುಹೋದ ಕೊಳವೆ ಅಂದುಕೊಂಡಿದ್ದ.

ಕೂಸಿಗೆ ಹುಟ್ಟಿದಾಗಿನಿಂದ ಎದೆ ಗೊರಗೊರ. ಉಸಿರು ಎಳೆದಾಗಲೆಲ್ಲ ಪಕ್ಕೆಲುಬುಗಳು ಒಳಗೆ ಹೋಗುತ್ತಿದ್ದವು. ಹಳೇ ಮನೆಯ ಧೂಳು, ಕೊಳವೆಗಳನ್ನು ಸ್ವಚ್ಛ ಮಾಡಿಸಿ ಎಂದಿದ್ದರು ಡಾಕ್ಟರು. ಮರುದಿನದ ತೊಟ್ಟಿಲ ಕಾರ್ಯಕ್ಕೆ ಮುಂಚೆ ಆಗಲೇಬೇಕೆಂದು ಹಟ ಹಿಡಿದು ಜಹೀರನನ್ನು ಕರೆಸಿದವಳು ಸ್ಮಿತಾ. ಅವನು ಬೆಂಗಳೂರಿನವನು. ಸಾಫ್ಟ್‌ವೇರ್ ಕಂಪನಿ ಮನೆಗೆ ಕಳಿಸಿದ ಮೇಲೆ ಒಂದು ವ್ಯಾನು, ಒಂದು ದೊಡ್ಡ ವ್ಯಾಕ್ಯೂಮ್ ಯಂತ್ರ ಕೊಂಡಿದ್ದ. "ಮುಂಚೆ ಕ್ಲೌಡು, ಈಗ ಧೂಳು" ಎಂದು ಫೋನಿನಲ್ಲಿ ತಾನೇ ತಮಾಷೆ ಮಾಡಿದ್ದ. ಈಗ ಆ ತಮಾಷೆ ಮುಖದಲ್ಲಿರಲಿಲ್ಲ.

"ನಿಮಗಿಂತ ಮುಂಚೆ ಇಲ್ಲಿ ತೇಜಶ್ರೀ ಅಂತ ಇದ್ರು. ವಿಜಯಪುರದವರು. ಅವರ ಮಗು ಇದೇ ರೂಮಲ್ಲಿ ಹೋಗ್ಬಿಡ್ತು. ನಿದ್ದೆಯಲ್ಲೇ. ಇನ್ನೂ ಹೆಸರೇ ಇಟ್ಟಿರ್ಲಿಲ್ಲ." ಅವನು ದನಿ ತಗ್ಗಿಸಿದ. "ಅವರು ಊರಿಗೆ ಹೋಗಿ ಯಾರೋ ಮಾಟಗಾರನ ಹತ್ರ ಒಂದು ಗಂಟು ಮಾಡಿಸ್ಕೊಂಡು ಬಂದ್ರು. ಮಗು ಉಸಿರು ಮನೆ ಬಿಟ್ಟು ಹೋಗ್ಬಾರ್ದು ಅಂತ. ಆ ಕೊಳವೆಯೊಳಗೆ ಇಟ್ರು. ಆಮೇಲೆ ಅವರೇ ಹೆದರಿ ನನ್ನ ಕೈಲಿ ತಗಡು ಹೊಡೆಸಿದ್ರು. ಗಂಟು ಬಿಚ್ಚಿದ್ರೆ ಅದು ಹೆಸರು ಹುಡುಕ್ಕೊಂಡು ಬರುತ್ತೆ ಅಂದ್ರು. ಯಾರ ಹೆಸರು ಸಿಕ್ಕಿದ್ರೂ ತಗೊಳ್ಳುತ್ತೆ. ದೊಡ್ಡವರಿಗೆ ಏನಾಗುತ್ತೋ ಗೊತ್ತಿಲ್ಲ. ಮಗು ಹತ್ರ ಉಸಿರು, ಹೆಸರು ಬಿಟ್ರೆ ಇನ್ನೇನಿರುತ್ತೆ?"

"ನೀವು ಇಂಜಿನಿಯರ್ ಅಂತೀರಿ ಮತ್ತ."

"ಇಂಜಿನಿಯರೇ ಮೇಡಮ್. ಸ್ಕ್ರೂ ಹಾಕೋವಾಗ ಒಳಗಿಂದ ಯಾರೋ ನನ್ನ ಬೆರಳು ಹಿಡ್ಕೊಂಡ್ರು. ಚಿಕ್ಕ ಕೈ. ಬಿಡಿಸ್ಕೊಳ್ಳೋಕೆ ತುಂಬಾ ಹೊತ್ತಾಯ್ತು."

ಮೇಲಿನ ಬಚ್ಚಲಿನಲ್ಲಿ ಮಧುರಾ ಕೂಸಿಗೆ ಎರೆಯುತ್ತಿದ್ದಳು. ನೀರಿನ ಸದ್ದು ಜಾಲರಿಗಳಲ್ಲಿ ತೊಟ್ಟಿಕ್ಕುತ್ತಿತ್ತು.

"ಮನೆಯವರಿಗೆ ಹೇಳಿ," ಎಂದ ಜಹೀರ್.

"ಹೇಳ್ತೇನಿ. ನೀವು ನಿಮ್ಮ ಕೆಲಸ ಮಾಡ್ರಿ."

ಅವಳು ಯಾರಿಗೂ ಹೇಳಲಿಲ್ಲ.

ಜಹೀರ್ ಪ್ರತಿ ಜಾಲರಿಯ ಮೇಲೂ ಪ್ಲಾಸ್ಟಿಕ್ ಹಾಳೆ ಹೊದಿಸಿ ಟೇಪ್ ಅಂಟಿಸಿದ. ಆನೆಯ ಸೊಂಡಿಲಿನಷ್ಟು ದಪ್ಪದ ಕೊಳವೆ ವ್ಯಾನಿನಿಂದ ಬಂದು ನೆಲಮಾಳಿಗೆಗೆ ಇಳಿಯಿತು. ಯಂತ್ರ ಶುರುವಾಯಿತು. ಇಡೀ ಮನೆ ಗುಂಯ್‌ಗುಟ್ಟಿತು. ಜಾಲರಿಗಳ ಮೇಲಿನ ಪ್ಲಾಸ್ಟಿಕ್ ಹಾಳೆಗಳು ಹಸಿದ ಹೊಟ್ಟೆಗಳ ಹಾಗೆ ಒಳಕ್ಕೆ ಹೋದವು. ಜಹೀರ್ ಕೆಳಗಿಳಿದದ್ದನ್ನು ನೋಡಿ ಸ್ಮಿತಾ ಅಡುಗೆಮನೆಯ ಖಾನೆಯಿಂದ ಸ್ಕ್ರೂಡ್ರೈವರ್ ತಂದಳು.

ಸ್ಕ್ರೂಗಳು ಸುಲಭವಾಗಿ ಬಂದವು. ಒಳಗಿನಿಂದ ಯಾರೋ ತಿರುಗಿಸಿಕೊಡುತ್ತಿರುವಷ್ಟು ಸುಲಭವಾಗಿ.

ತಗಡು ಎತ್ತಿ, ಕೆಳಗಿನ ಜಾಲರಿಯನ್ನೂ ಪಕ್ಕಕ್ಕಿಟ್ಟಳು. ವಾಸನೆ ಬಂತು. ಬಜೆ, ಲೋಬಾನ, ಒಡೆದ ಹಾಲು. ಬಾಣಂತಿಯ ಕೋಣೆಯ ವಾಸನೆಯೇ, ಆದರೆ ಹಳಸಿದ್ದು. ಮೊಬೈಲಿನ ಬೆಳಕು ಬಿಟ್ಟು ನೋಡಿದಳು. ವರ್ಷಗಟ್ಟಲೆ ಮುಚ್ಚಿದ್ದ ಕೊಳವೆಯಲ್ಲಿ ಧೂಳೇ ಇರಲಿಲ್ಲ. ನೆಕ್ಕಿ ಒರೆಸಿದ ತಾಟಿನ ಹಾಗೆ ಹೊಳೆಯುತ್ತಿತ್ತು.

ಮೊಳಕೈವರೆಗೆ ಕೈ ಹಾಕಿದಳು. ಗಂಟು ಸಿಕ್ಕಿತು. ಅದು ಬೆಚ್ಚಗಿತ್ತು. ಈಗಷ್ಟೇ ತೊಡೆಯಿಂದ ಎತ್ತಿದ ಕೂಸಿನಷ್ಟು ಬೆಚ್ಚಗೆ.

ಬಿಸಿಗಾಳಿಯ ಕೊಳವೆಯಲ್ಲವೇ, ಬೆಚ್ಚಗಿರದೆ ಇನ್ನೇನು. ಹಾಗಂದುಕೊಂಡು ಕತ್ತರಿ ಎತ್ತಿಕೊಂಡಳು. ಕರಿ ಬಟ್ಟೆಗೆ ಸುತ್ತಿದ ಕೆಂಪು ದಾರ, ದಾರದ ತುಂಬ ಗಂಟು. ಒಂದೊಂದು ಕತ್ತರಿಸಿದಾಗಲೂ ಬಿಕ್ಕಳಿಕೆಯಂಥ ಸದ್ದು. ಒಳಗೆ ಗುಂಡುಸೂಜಿ ಚುಚ್ಚಿದ ಒಣಗಿದ ನಿಂಬೆಹಣ್ಣು, ಎಳೆಕೂಸಿನ ಕುಲಾವಿ, ಒಂದು ತಾಮ್ರದ ತಗಡು. ತಗಡಿನ ಮೇಲೆ ಸುತ್ತಲೂ ಬೀಜಾಕ್ಷರ. ನಡುವೆ, ಹೆಸರು ಬರೆಯಬೇಕಾದ ಕಡೆ, ಖಾಲಿ.

"ಇಷ್ಟಕ್ಕ ಇಷ್ಟ ಹೆದರಿಕಿ," ಎಂದಳು ಸ್ಮಿತಾ, ಯಾರೂ ಇಲ್ಲದ ಕೋಣೆಯಲ್ಲಿ.

ಪಕ್ಕದ ಕೋಣೆಯಲ್ಲಿ ಪ್ಲಾಸ್ಟಿಕ್ಕು ಪಟ್ಟೆಂದಿತು. ಹೋಗಿ ನೋಡಿದಳು. ಯಂತ್ರ ಇನ್ನೂ ಎಳೆಯುತ್ತಲೇ ಇತ್ತು. ಆದರೆ ಒಳಕ್ಕೆ ಹೋಗಿದ್ದ ಹಾಳೆಗಳೆಲ್ಲ ಹೊರಕ್ಕೆ ಉಬ್ಬಿದ್ದವು.

ಯಂತ್ರ ತಾನಾಗಿ ನಿಂತಿತು. ಜಹೀರ್ ಮೆಟ್ಟಿಲೇರಿ ಬಂದ. ಅವಳ ಕೈಲಿದ್ದ ಕತ್ತರಿ ನೋಡಿದ.

"ತೆಗೆದ್ರಾ?"

"ತೆಗದೆ. ಕಸದ ಡಬ್ಬಿಗೆ ಹಾಕ್ತೇನಿ."

ಅವನು ದಪ್ಪ ಕೊಳವೆಯನ್ನಷ್ಟೇ ವ್ಯಾನಿಗೆ ಎಳೆದುಕೊಂಡು, ಟೇಪಿನ ಸುರುಳಿಯನ್ನೂ ಎತ್ತಿಕೊಳ್ಳದೆ ಹೊರಟ. ವ್ಯಾನಿನ ಬಾಗಿಲು ತೆಗೆದು ಒಮ್ಮೆ ತಿರುಗಿದ. "ನಾಳೆ ಹೆಸರು ಹೇಳಬೇಡಿ ಮೇಡಮ್. ದಯವಿಟ್ಟು."

ಸ್ಮಿತಾ ಪ್ಲಾಸ್ಟಿಕ್ ಹಾಳೆಗಳನ್ನು ತಾನೇ ಕಿತ್ತು, ಕೂಸಿನ ಕೋಣೆಯ ಜಾಲರಿಯನ್ನು ಅದರ ಜಾಗದಲ್ಲಿಟ್ಟಳು. ಸಂಜೆಯ ಹೊತ್ತಿಗೆ ಕೂಸಿನ ಎದೆ ಹಗುರಾಗಿತ್ತು. ಗೊರಗೊರ ಇರಲಿಲ್ಲ. ಶಶಿಕಾಂತ ವಿಮಾನ ಕಾರ್ಖಾನೆಯ ಬ್ಯಾಡ್ಜ್ ಕೊರಳಲ್ಲಿ ಇಟ್ಟುಕೊಂಡೇ ಕೂಸನ್ನು ಎತ್ತಿಕೊಂಡು ಕುಣಿದ. "ನೋಡ, ಬರೀ ಧೂಳ ಇದು. ಸ್ಮಿತಾ, ನೀ ಬರದಿದ್ರ ನಾವು ಇನ್ನಾ ವದ್ದಾಡಕೋತ ಕೂಡ್ತಿದ್ವಿ."

ಸ್ಮಿತಾ ಹೆಮ್ಮೆಯಿಂದ ರೊಟ್ಟಿ ಮುರಿದಳು. ಆಗ ಕೇಳಿಸಿತು. ಕುರ್ಚಿಯ ಕೆಳಗಿನ ಜಾಲರಿಯಿಂದ. ಗೊರ, ಗೊರ. ಕೂಸಿನ ಎದೆಯಲ್ಲಿದ್ದ ಅದೇ ಸದ್ದು. ಅವಳು ಅಂಗಾಲನ್ನು ಜಾಲರಿಯ ಮೇಲಿಟ್ಟಳು. ಉಸಿರು ತಾಗಿತು. ಬಿಸಿ. ಬಿಟ್ಟು ಬಿಟ್ಟು.

"ಹೀಟರ್ ಜೋರ ಹಚ್ಚಿಯೇನಣ್ಣ?"

"ಇನ್ನಾ ಹಚ್ಚೇ ಇಲ್ಲಲ್ಲ. ಜಹೀರ್ ಭಾಯಿ ಬಂದ್ ಮಾಡಿ ಹೋದಾವ ಚಾಲೂನ ಮಾಡಿಲ್ಲ."

ಸ್ಮಿತಾ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದಳು. ಕಸ ಚೆಲ್ಲುವ ನೆಪದಲ್ಲಿ ಹೊರಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದಳು. ಇಳಿಜಾರಿನ ಕೆಳಗಿನ ಕಡಲಲ್ಲಿ ಫೆರಿ ಹಡಗು ದೀರ್ಘವಾಗಿ ಕೂಗಿತು. ಕರಿ ಬಟ್ಟೆ ಇತ್ತು. ನಿಂಬೆ ಇತ್ತು. ತಗಡಿತ್ತು. ಕುಲಾವಿ ಇರಲಿಲ್ಲ.

ಹೇಳಿಬಿಡಬೇಕೆಂದು ಒಳಗೆ ಬಂದಳು. ಅಣ್ಣ ನಗುತ್ತಿದ್ದ. ವೈನಿ ಎಷ್ಟೋ ದಿನಗಳ ಮೇಲೆ ಹಾಡು ಗುನುಗುತ್ತಿದ್ದಳು. ಹೇಳಿದರೆ ತಾನು ಏನಾಗುತ್ತೇನೆ? ಮಕ್ಕಳ ಮುಂದೆ ನಿಂಬೆಹಣ್ಣು ಕೊಯ್ದು ನಗುವವಳೇ ಮಾಟಕ್ಕೆ ಹೆದರಿದಳು ಎಂದಾಗುವುದಿಲ್ಲವೇ? ಬೆಳಗ್ಗೆ ಇಷ್ಟು ಮಾತ್ರ ಕೇಳಿದಳು: "ವೈನಿ, ತೊಟ್ಲಾ ಹಾಲ್‌ನ್ಯಾಗ ಕಟ್ಟೋಣೇನು?"

"ಕೂಸಿನ ಖೋಲ್ಯಾಗ ತೊಲಿಗೆ ಹುಕ್ ಹೊಡದಾಗೈತಲ್ಲವಾ. ನೀನ ಅಲ್ಲೇ ಚೆಂದ ಅಂದಿ."

ಮಧ್ಯಾಹ್ನ ಸುತ್ತಲಿನ ಊರುಗಳ ಕನ್ನಡದ ಹೆಂಗಸರು ಬಂದರು. ಟೋಟೆಮ್ ಲೇಕ್‌ನಿಂದ ಬಂದವರು ಗುಗ್ಗರಿ ತಂದಿದ್ದರು. ಟಕ್ವಿಲಾದಿಂದ ಬಂದವರು ಮಾಲ್‌ನ ಟ್ರಾಫಿಕ್ಕನ್ನು ಬೈಯುತ್ತಲೇ ಸೀರೆಯ ನೆರಿಗೆ ಸರಿಮಾಡಿಕೊಂಡರು. ನವೆಂಬರಿನ ಬೆಳಕು ಬೇಗ ಸತ್ತಿತು. ಹೊರಗೆ ಸೋನೆ, ಒಳಗೆ ಅಗರಬತ್ತಿ, ಹೂವು, ಒದ್ದೆ ಜಾಕೆಟ್ಟುಗಳ ವಾಸನೆ. ಅದರ ಅಡಿಯಲ್ಲಿ ಬಜೆ, ಒಡೆದ ಹಾಲು.

ತೊಟ್ಟಿಲು ಜಾಲರಿಯ ಪಕ್ಕದಲ್ಲೇ ತೂಗುತ್ತಿತ್ತು.

"ಬಾರ ಸ್ಮಿತಾ, ಕಿವ್ಯಾಗ ಕುರ್ರ್ ಅನ್ನು," ಮಧುರಾ ಕರೆದಳು. ಸೋದರತ್ತೆ ಬಾಗಿ ಕೂಸಿನ ಕಿವಿಯಲ್ಲಿ ಮೊದಲು ಕುರ್ರ್ ಅನ್ನಬೇಕು, ಆಮೇಲೆ ಹೆಸರು. ಅವಳು ಬಾಗಿದಾಗ ಉಳಿದವರು ಬೆನ್ನಿಗೆ ಗುದ್ದಬೇಕು. ಅದು ರೂಢಿ, ಅದೇ ಮೋಜು. "ಮೆಲ್ಲಗ ಗುದ್ರಿ, ವಿಮಾನದಾಗ ವಾಪಸ್ ಹೋಗಬೇಕ ಆಕಿ," ಎಂದ ಶಶಿಕಾಂತ ಮೊಬೈಲ್ ಹಿಡಿದು. ಎಲ್ಲರೂ ನಕ್ಕರು.

ಸ್ಮಿತಾ ಬಾಗಿದಳು. ಕೂಸು ಕಣ್ಣು ಬಿಟ್ಟುಕೊಂಡಿತ್ತು.

"ಕುರ್ರ್..."

ಕಾಲ ಬುಡದಿಂದ ಉತ್ತರ ಬಂತು. "ಕುರ್ರ್..."

ಬೆನ್ನಿನ ಮೇಲೆ ಗುದ್ದು ಬಿತ್ತು. ನಗು. ಯಾರಿಗೂ ಕೇಳಿಸಲಿಲ್ಲ.

ಜಾಲರಿಯೊಳಗೆ ಏನೋ ಮಾಸಲು ಬಿಳುಪು. ಕುಲಾವಿ. ಅದರ ಕೆಳಗೆ ಮುಖ ಇರಬೇಕಾದ ಕಡೆ ಕತ್ತಲೆ. ಆ ಕತ್ತಲೆ ಕಿವಿಯನ್ನು ಮೇಲಕ್ಕೆ ಮಾಡಿಕೊಂಡು ಕಾಯುತ್ತಿತ್ತು.

"ಹೆಸರ ಹೇಳ," ಯಾರೋ ಅಂದರು.

ಅವಳು ತುಟಿ ಬಿಗಿದಳು. ಹೇಳುವುದಿಲ್ಲ. ಹೇಳದಿದ್ದರೆ ಅದು ಏನು ಮಾಡೀತು?

ಅದು ಎಳೆಯಿತು.

ಯಂತ್ರದ ಹಾಗೆ. ತೊಟ್ಟಿಲ ಬಟ್ಟೆ ಜಾಲರಿಯ ಕಡೆ ವಾಲಿತು. ದೀಪ ವಾಲಿತು. ಕೂಸಿನ ಎದೆ ಒಳಕ್ಕೆ ಹೋಯಿತು. ಮೇಲೆ ಬರಲಿಲ್ಲ. ತುಟಿ ನೀಲಿಯಾಯಿತು. ಉಗುರು ನೀಲಿಯಾಯಿತು. ಮಧುರಾಳ ನಗು ಅರ್ಧಕ್ಕೆ ನಿಂತಿತು. "ಕೂಸು... ರೀ, ಕೂಸು..."

ಹೆಸರು ನಾಲಗೆಯ ತುದಿಯಲ್ಲಿತ್ತು. ಕೂಸಿನ ಹೆಸರು. ಕೊಟ್ಟರೆ ಬಿಡುತ್ತದೆ. ಕೊಟ್ಟರೆ ಕೂಸು ಹೋಗುತ್ತದೆ. ಕೊಡದಿದ್ದರೂ ಹೋಗುತ್ತದೆ.

ಯಾರ ಹೆಸರು ಸಿಕ್ಕಿದ್ರೂ ತಗೊಳ್ಳುತ್ತೆ.

ಸ್ಮಿತಾ ನೆಲಕ್ಕೆ ಬಿದ್ದಳು. ಜಾಲರಿಗೆ ಬಾಯಿ ಹಚ್ಚಿದಳು. ಕಬ್ಬಿಣ ಹಲ್ಲಿಗೆ ತಾಗಿತು. ಒಳಗಿನಿಂದ ಸಣ್ಣ ಬೆರಳುಗಳು ಬಂದು ಅವಳ ತುಟಿ ಹಿಡಿದವು.

"ಕುರ್ರ್..." ಎಂದಳು. "ಸ್ಮಿತಾ."

ಎಲ್ಲ ನಿಂತಿತು.

ಗಂಟಲಿನಿಂದ ಏನೋ ಬೇರುಸಹಿತ ಕಿತ್ತುಬಂತು. ನೋವಿರಲಿಲ್ಲ. ಹಾಲುಹಲ್ಲು ಬಿದ್ದ ಮೇಲೆ ನಾಲಗೆಗೆ ಸಿಗುವಂಥ ಖಾಲಿ ಜಾಗ, ಅಷ್ಟೇ. ಕೊಳವೆಯ ಉದ್ದಕ್ಕೂ ಅಂಬೆಗಾಲಿನ ಸದ್ದು ದೂರ ಹೋಯಿತು. ತೊಟ್ಟಿಲಲ್ಲಿ ಕೂಸು ಕಿಟಾರನೆ ಅತ್ತಿತು.

ಮಧುರಾ ಕೂಸನ್ನು ಎದೆಗೆ ಅವಚಿಕೊಂಡಳು. ಶಶಿಕಾಂತ ತಂಗಿಯ ಕಡೆ ತಿರುಗಿದ. ಅವನ ಬಾಯಿ ತೆರೆದು ಮುಚ್ಚಿತು. ಅವಳಿಗೆ ಕೇಳಿಸಿದ್ದು ಜಾಲರಿಯಿಂದ ಗಾಳಿ ಬರುವಂಥ ಬರೀ ಸುಯ್ ಎಂಬ ಸದ್ದು. ಅವನು ಇನ್ನೊಮ್ಮೆ ಬಾಯಿ ತೆರೆದ. ಮತ್ತೆ ಸುಯ್. ಅವನು ಹತ್ತಿರ ಬಂದು ಭುಜ ಅಲುಗಿಸಿದ ಮೇಲೆ, ತನ್ನನ್ನೇ ಕರೆಯುತ್ತಿದ್ದನೆಂದು ಅವಳಿಗೆ ತಿಳಿಯಿತು.

ಅವತ್ತು ಅವಳು ಎಲ್ಲವನ್ನೂ ಹೇಳಿದಳು. ಯಾರೂ ನಗಲಿಲ್ಲ. ಕೂಸಿಗೆ ಹೆಸರಿಡಲಿಲ್ಲ. ಆ ವಾರವೇ ಅವರು ಟೋಟೆಮ್ ಲೇಕ್‌ನ ಹೊಸ ಅಪಾರ್ಟ್‌ಮೆಂಟಿಗೆ ಹೋದರು. ಅಲ್ಲಿ ನೆಲದಲ್ಲಿ ಜಾಲರಿಗಳಿಲ್ಲ, ಗೋಡೆಗೆ ಹೀಟರು. ಅವಳು ಹುಬ್ಬಳ್ಳಿಗೆ ಮರಳಿದಳು. ವಿಮಾನ ನಿಲ್ದಾಣದ ಅಧಿಕಾರಿ ಪಾಸ್‌ಪೋರ್ಟ್ ನೋಡಿ ಏನೋ ಕೇಳಿದ. ಅವಳು ಅವನ ತುಟಿಯನ್ನೇ ನೋಡುತ್ತ ಅಂದಾಜಿನ ಮೇಲೆ ತಲೆಯಾಡಿಸಿದಳು. ಶಾಲೆಯಲ್ಲಿ ಮಕ್ಕಳು 'ಮಿಸ್' ಅನ್ನುತ್ತಾರೆ, ಅದು ಕೇಳಿಸುತ್ತದೆ. ನಿಂಬೆಹಣ್ಣಿನ ಆಟ ಈಗ ಆಡುವುದಿಲ್ಲ.

ಮನೆ ಮಾರಾಟವಾದ ದಿನ ಶಶಿಕಾಂತ ಹುಬ್ಬಳ್ಳಿಗೆ, ಅವ್ವನ ಫೋನಿಗೆ ವಿಡಿಯೋ ಕಾಲ್ ಮಾಡಿದ; ಅವಳೂ ಅವ್ವನ ಪಕ್ಕದಲ್ಲೇ ಕೂತಿದ್ದಳು. ಕೀಲಿ ಕೊಡುವ ಮುಂಚೆ ಕೊನೆಯ ಸಲ ಕೋಣೆಗಳನ್ನು ನೋಡಿಕೊಳ್ಳಲು ಬಂದಿದ್ದ. ಅವನ ಹಿಂದೆ ಬರಿಗೋಡೆ, ಬರಿನೆಲ. "ಕೂಸು ಆರಾಮದಾನವ್ವ. ಕುಂಡರಾಕ ಕಲ್ತಾನ. ಎದಿ ಎಲ್ಲಾ ಸ್ವಚ್ಛ." ಅವ್ವನ ಕಣ್ಣು ತುಂಬಿತು. ಅವಳಿಗೂ ಎಷ್ಟೋ ದಿನಗಳ ಮೇಲೆ ಉಸಿರು ಸಡಿಲವಾಯಿತು. ಏಳಲು ಹೊರಟಳು, ಹಾಲು ಇಳಿಸಬೇಕಿತ್ತು.

ಫೋನು ಹಿಡಿದ ಅವ್ವ ಹಿಂದಿನಿಂದ ಅವಳನ್ನು ಹೆಸರು ಹಿಡಿದು ಕರೆದಿರಬೇಕು. ಅವಳಿಗೆ ಬರೀ ಸುಯ್ ಎಂದಿತು.

ಫೋನಿನಿಂದ, ಅಣ್ಣನ ಹಿಂದಿನ ಖಾಲಿ ಕೋಣೆಯಿಂದ, ಈಗಷ್ಟೇ ಮಾತು ಕಲಿತ ಎಳೆ ದನಿಯೊಂದು ಖುಷಿಯಿಂದ ಓಗೊಟ್ಟಿತು.

"ಬಂದೆನವ್ವಾ."